ಒಲೆಯಿಂದ ಒಂದು ಮಾರು ದೂರ

ಕುಲ್ಕುಂದ ದಾಟಿ ಬಸ್ಸು ಬಿಸಿಲೆ ಘಾಟಿಗೆ ಮೂತಿ ಎತ್ತುತ್ತಿದ್ದಂತೆ ಕಿಟಕಿಗಳೆಲ್ಲ ಧಡಧಡ ಮುಚ್ಚಿಕೊಳ್ಳುತ್ತವೆ. ಪುನರ್ವಸು ಮಳೆ. ಗಾಜಿನಾಚೆ ಕಾಡಿಲ್ಲ, ಬರೀ ಹಸಿರು ಬಣ್ಣದ ನೀರು. ಎದುರು ಸೀಟಿನ ಹೆಂಗಸು ನಿಂಬೆಹಣ್ಣನ್ನು ಮೂಗಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದಾರೆ. ಮೂರನೇ ತಿರುವಿಗೆ ನಿಂಬೆಹಣ್ಣು ಸೋಲುತ್ತದೆ. ಕಂಡಕ್ಟರ್ ಟಿಕೆಟ್ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು, ಯಾರ ಮುಖವನ್ನೂ ನೋಡದೆ ಕೊಟ್ಟು ಮುಂದೆ ಹೋಗುತ್ತಾನೆ. ಈ ದಾರಿಯಲ್ಲಿ ಅದೂ ಅವನ ಡ್ಯೂಟಿ.

ನನ್ನ ಅಂಗಿಯ ಒಳಜೇಬಿನಲ್ಲಿ ಒಂದು ಲಕೋಟೆ ಇದೆ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ರುಜು ಹಾಕಿ, ಗುರುತಿನ ಚೀಟಿಯ ನಕಲು ಕೊಟ್ಟು, ಎಷ್ಟು ಪಡೆದೆ ಎಂದು ದಪ್ಪ ರಿಜಿಸ್ಟರಿನಲ್ಲಿ ಬರೆಸಿ ತಂದದ್ದು. ಒಳಗಿರುವುದು ಬೆಳ್ಳಿಬಣ್ಣದ ಸಣ್ಣ ಪೊಟ್ಟಣಗಳು. ಒಂದೊಂದರಲ್ಲಿ ಎರಡು ಬೆರಳಗಲದ ಒಂದೊಂದು ಪಾರದರ್ಶಕ ಪಟ್ಟಿ. ಫೆಂಟನಿಲ್, ಗಂಟೆಗೆ 25 ಮೈಕ್ರೋಗ್ರಾಂ. ಬಿಸಿಲೆಯಲ್ಲಿರುವ ಅತ್ತೆಗೆ.

ಚರ್ಮಕ್ಕೆ ಅಂಟಿಸುವ ಔಷಧಿಯ ಆಧುನಿಕ ಕಥೆ ಶುರುವಾದದ್ದು ಇಂಥದೇ ಪ್ರಯಾಣದ ವಾಂತಿಯಿಂದ. 1979ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಪಟ್ಟಿಯನ್ನು ಕಿವಿಯ ಹಿಂದೆ ಅಂಟಿಸಿಕೊಳ್ಳುತ್ತಿದ್ದರು. ಅಲೇಹಾಂಡ್ರೊ ಜಫರೋನಿ ಎಂಬ ಉರುಗ್ವೆ ಮೂಲದ ವಿಜ್ಞಾನಿ ಕಟ್ಟಿದ ಆಲ್ಜಾ ಕಂಪನಿಯ ಕೆಲಸ ಅದು. ಅದರೊಳಗಿದ್ದ ಸ್ಕೋಪಲಮಿನ್ ನಮ್ಮ ಉಮ್ಮತ್ತಿ ಗಿಡದಲ್ಲೂ ಇದೆ. ಬೇಲಿಯ ಬದಿಯಲ್ಲಿ ಬಿಳಿ ತುತ್ತೂರಿ ಹೂ ಬಿಟ್ಟು, ಮುಳ್ಳುಕಾಯಿ ಹೊತ್ತು, 'ಮುಟ್ಟಬೇಡ, ಹುಚ್ಚು ಹಿಡಿಯುತ್ತೆ' ಎಂದು ಮಕ್ಕಳಿಗೆ ಹೇಳಿಸಿಕೊಳ್ಳುವ ಅದೇ ಗಿಡ. ಹುಚ್ಚು ಹಿಡಿಸುವ ಆ ವಸ್ತುವನ್ನು ಮೂರು ದಿನಕ್ಕೆ ಹಂಚಿ, ಸೂಜಿಮೊನೆಗಿಂತ ಸಣ್ಣ ಪಾಲಿನಲ್ಲಿ ಒಳಗೆ ಬಿಟ್ಟರೆ ಹೊಟ್ಟೆ ತೊಳಸುವುದು ನಿಲ್ಲುತ್ತದೆ. ವಾಂತಿ ಮಾಡುವವರಿಗೆ ಮಾತ್ರೆ ಕೊಟ್ಟು ಏನು ಪ್ರಯೋಜನ? ಅದೂ ಆಚೆಗೇ ಬರುತ್ತದೆ. ಎದುರು ಸೀಟಿನ ಹೆಂಗಸಿಗೆ ಇದನ್ನೆಲ್ಲ ಹೇಳುವ ಹೊತ್ತಲ್ಲ. ಅವರು ಎರಡನೇ ಕವರ್ ಕೇಳುತ್ತಿದ್ದಾರೆ.

ಅಡ್ಡಹೊಳೆ ಕೆಂಪಾಗಿ ಉಕ್ಕುತ್ತಿದೆ. ಬಿಸಿಲೆಯಲ್ಲಿ ಇಳಿದರೆ ಬೆಟ್ಟದ ನೋಟಕ್ಕೆಂದು ಬಂದ ಬೆಂಗಳೂರಿನ ಹುಡುಗರು ಮಂಜಿನತ್ತ ಫೋನ್ ಹಿಡಿದು ನಿಂತಿದ್ದಾರೆ. ಕುಮಾರಪರ್ವತ ಆ ಮಂಜಿನ ಹಿಂದೆ ಎಲ್ಲೋ ಇದೆ. ಬಾವ ಕೊಡೆ ಹಿಡಿದು ಕಾಯುತ್ತಿದ್ದಾರೆ.

"ತಂದ್ಯಾ?"

"ತಂದೆ ಬಾವ."

"ನೆನೀಲಿಲ್ಲ ತಾನೆ?"

ಮನೆಗೆ ತೋಟದೊಳಗಿನ ದಾರಿ. ಏಲಕ್ಕಿ ಸಾಲು ದಾಟುವಷ್ಟರಲ್ಲಿ ಕಾಲಿಗೆ ಉಂಬಳ. ಬಾವ ಬಗ್ಗಿ ಉಗುರಿನಲ್ಲಿ ಕಿತ್ತೆಸೆದರೂ ರಕ್ತ ಸೋರುತ್ತಲೇ ಇರುತ್ತದೆ. ಕಚ್ಚುವಾಗಲೇ ಅದು ಹಿರುಡಿನ್‌ನಂಥ ಒಂದು ವಸ್ತುವನ್ನು ಒಳಗೆ ಬಿಟ್ಟಿರುತ್ತದೆ, ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಚರ್ಮದ ಮೂಲಕ ಮದ್ದು ದಾಟಿಸುವ ವಿದ್ಯೆಯಲ್ಲಿ ಈ ಕಾಡಿನ ಹುಳುವೇ ನಮಗಿಂತ ಹಿರಿಯದು.

ಅತ್ತೆ ಬಚ್ಚಲ ಒಲೆಯ ಮುಂದೆ ಕೂತಿದ್ದಾರೆ. ಮಳೆಗಾಲದಲ್ಲಿ ಅವರನ್ನು ಬೇರೆಲ್ಲೂ ಹುಡುಕಬೇಕಿಲ್ಲ. ಹಂಡೆಯ ಕೆಳಗೆ ಕಾಫಿಕೊರಡು ಉರಿಯುತ್ತಿದೆ, ಬೆನ್ನ ಮೇಲೆ ಕಂಬಳಿ, ಎಡಗೆನ್ನೆಯ ಮೇಲೆ ಬಿಳಿಬಟ್ಟೆ. ಗಾಯದ ವಾಸನೆಯನ್ನು ಹೊಗೆ ಅರ್ಧ ಮುಚ್ಚಿದೆ. ಬಾಯಿ ಈಗ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತದೆ. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆಯನ್ನು ಪುಡಿಮಾಡಿ, ನೀರಲ್ಲಿ ಕಲಸಿ, ಅಕ್ಕ ಚಮಚದಲ್ಲಿ ಹನಿಸುತ್ತಾಳೆ. ಸ್ವಲ್ಪ ಒಳಗೆ ಹೋಗುತ್ತದೆ, ಸ್ವಲ್ಪ ಗಲ್ಲದ ಮೇಲೆ ಇಳಿಯುತ್ತದೆ. ಎಷ್ಟು ಹೋಯಿತೆಂದು ಯಾರು ಲೆಕ್ಕ ಇಟ್ಟಾರು? ರಾತ್ರಿ ಎರಡು ಗಂಟೆಗೂ ಎಬ್ಬಿಸಬೇಕು. ಎಬ್ಬಿಸುವುದು ತಡವಾದರೆ ನೋವೇ ಎಬ್ಬಿಸುತ್ತದೆ.

ಒಳಗೆ ಹೋದದ್ದೂ ಪೂರ್ತಿ ದಕ್ಕುವುದಿಲ್ಲ. ಹೊಟ್ಟೆಗಿಳಿದ ಮಾತ್ರೆ ಕರುಳಿನಿಂದ ನೇರ ಯಕೃತ್ತಿಗೆ ಹೋಗುತ್ತದೆ. ಮಾರ್ಫಿನ್ನಿನ ಅರ್ಧಕ್ಕೂ ಹೆಚ್ಚು ಪಾಲನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಸುಂಕವಾಗಿ ಕಿತ್ತುಕೊಂಡು, ಉಳಿದದ್ದನ್ನು ಮೈಗೆ ಬಿಡುತ್ತದೆ. ಚರ್ಮದಿಂದ ಹೋದ ಔಷಧಿಗೆ ಈ ಮೊದಲ ಸುಂಕದ ಕಟ್ಟೆ ಇಲ್ಲ.

ಪೊಟ್ಟಣವನ್ನು ನೋಡಿ ಅತ್ತೆ ಹಲ್ಲುಗಳ ಸಂದಿಯಿಂದಲೇ ಕೇಳುತ್ತಾರೆ, "ಇದೇನೋ, ಜಾತ್ರೇಲಿ ಸ್ಟಿಕ್ಕರ್ ತಂದ್ಯಾ?"

ಅವರಿಗೆ ಸ್ಟಿಕ್ಕರಿನ ಗುಣ ಗೊತ್ತು. ಹಣೆಯ ನಡುವೆ ಕಾಸಿನಗಲ ಬಿಳಿಯ ಮಚ್ಚೆ ಇದೆ. ವರ್ಷಗಟ್ಟಲೆ ಅಂಟಿಸಿಕೊಂಡ ಬಿಂದಿಯದು. ಅಂಥ ಅಗ್ಗದ ಅಂಟಿನಲ್ಲಿರುವ ಒಂದು ಫಿನಾಲ್ ಜಾತಿಯ ವಸ್ತು ಚರ್ಮದೊಳಗಿಳಿದು ಬಣ್ಣ ತಯಾರಿಸುವ ಕೋಶಗಳನ್ನು ಕೊಲ್ಲುತ್ತದೆ ಎಂಬುದು ಚರ್ಮವೈದ್ಯರಿಗೆ ಹಳೆಯ ಸಂಗತಿ. ಹೊರಗಿನಿಂದ ಏನೂ ಒಳಗೆ ಹೋಗುವುದಿಲ್ಲ ಎಂದು ವಾದಿಸುವವರಿಗೆ ತೋರಿಸಲು ಊರೂರಲ್ಲೂ ಇಂಥ ಹಣೆಗಳಿವೆ.

"ಮಂಗಳವಾರ ಹೊಸದು ಶುರು ಮಾಡ್ತೀರೇನೋ? ಅದೂ ಆಷಾಢದಲ್ಲಿ."

"ನೋವಿಗೆ ಆಷಾಢ ಗೊತ್ತಾ ಅವ್ವ?" ಎನ್ನುತ್ತಾರೆ ಬಾವ.

ಅತ್ತೆ ಉತ್ತರ ಕೊಡುವುದಿಲ್ಲ, ಸೆರಗು ಸರಿಸಿ ತೋಳು ಚಾಚುತ್ತಾರೆ. ಅಕ್ಕ ಬರೀ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬಲತೋಳಿನ ಮೇಲ್ಭಾಗ ಒರೆಸುತ್ತಾಳೆ. ಸೋಪು ಕೂಡದು, ಎಣ್ಣೆ ಕೂಡದು, ಗಾಯವಿರುವ ಜಾಗ ಕೂಡದು. ಒಣಗಲು ಬಿಡಬೇಕು. ಈ ಮಳೆಯಲ್ಲಿ ಒಣಗುವುದೆಂದರೆ ಸುಲಭವಲ್ಲ. ಹಗ್ಗದ ಮೇಲಿನ ಬಟ್ಟೆ ವಾರವಾದರೂ ಮುಗ್ಗಲು ವಾಸನೆ ಬಿಡದ ಊರು ಇದು. ಮತ್ತೆ ಮತ್ತೆ ಒಣಬಟ್ಟೆ ಒತ್ತಿ, ಗಾಳಿ ಬೀಸಿ, ಕೊನೆಗೆ ಬಾವ ಹಿಂಭಾಗದ ಹಾಳೆ ಕಿತ್ತು ಪಟ್ಟಿಯನ್ನು ಇಟ್ಟು ಅಂಗೈಯಿಂದ ಒತ್ತಿ ಹಿಡಿಯುತ್ತಾರೆ. ಮೂವತ್ತು ಎಣಿಸಬೇಕು. ಅವರು ಅರವತ್ತು ಎಣಿಸುತ್ತಾರೆ. ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಮಂಗಳವಾರದ ಚೌಕಕ್ಕೆ 'ಸಂಜೆ 5, ಬಲ' ಎಂದು ಬರೆದು, ಶುಕ್ರವಾರದ ಚೌಕಕ್ಕೆ ಸುತ್ತು ಹಾಕುತ್ತಾಳೆ. 72 ಗಂಟೆ.

ಈಗ ಆ ಪಟ್ಟಿಯ ಕೆಳಗೆ ಏನಾಗುತ್ತಿದೆ? ಚರ್ಮದ ತೀರಾ ಹೊರಗಿನ ಪದರು ಕೂದಲೆಳೆಗಿಂತ ತೆಳು, 10ರಿಂದ 20 ಮೈಕ್ರೋಮೀಟರ್. ಸತ್ತ ಕೋಶಗಳು ಮಾಡಿನ ಹೆಂಚುಗಳ ಹಾಗೆ ಒಂದರ ಮೇಲೊಂದು ಹೊದೆದುಕೊಂಡಿವೆ, ಸಂದಿಗಳಲ್ಲಿ ಜಿಡ್ಡು. ಮಳೆನೀರು ಇಳಿಯುವುದಿಲ್ಲ, ಜಿಡ್ಡಿನಲ್ಲಿ ಕರಗಬಲ್ಲ ಪುಟ್ಟ ಅಣು ಸಂದಿ ಹುಡುಕಿಕೊಂಡು ಇಳಿಯುತ್ತದೆ. ಎಷ್ಟು ಪುಟ್ಟದು? ಬಾಸ್ ಮತ್ತು ಮೈನಾರ್ಡಿ ಎಂಬಿಬ್ಬರು 2000ದಲ್ಲಿ ಒಂದು ಅಂದಾಜು ಕೊಟ್ಟರು: ಅಣುತೂಕ 500 ಡಾಲ್ಟನ್ ಮೀರಿದರೆ ದಾಟುವುದು ಕಷ್ಟ. ನಿಕೋಟಿನ್ 162, ಸ್ಕೋಪಲಮಿನ್ 303, ಫೆಂಟನಿಲ್ 336. ಇನ್ಸುಲಿನ್ 5,800ರ ಆಸುಪಾಸು. ಸಕ್ಕರೆ ಕಾಯಿಲೆಯವರು 'ನಮಗೂ ಇಂಥದೊಂದು ಪಟ್ಟಿ ಮಾಡಬಾರದೇ' ಎಂದು ಕೇಳುವುದು ನ್ಯಾಯವೇ, ಆದರೆ ಅಷ್ಟು ದೊಡ್ಡ ಅಣುವಿಗೆ ಈ ಸಂದಿ ಸಾಲದು. ಸಂದಿ ಸಾಕಾದ ಮಾತ್ರಕ್ಕೂ ಆಗುವುದಿಲ್ಲ. ಔಷಧಿ ಚಿಟಿಕೆಯಷ್ಟರಲ್ಲೇ ಕೆಲಸ ಮಾಡುವಷ್ಟು ತೀಕ್ಷ್ಣವಾಗಿರಬೇಕು. ಪ್ಯಾರಾಸಿಟಮಾಲ್ ಪುಟ್ಟ ಅಣುವೇ, ಆದರೆ ಒಂದು ಸಲಕ್ಕೆ 500 ಮಿಲಿಗ್ರಾಂ ಬೇಕು. ಅದನ್ನು ಚರ್ಮದಿಂದ ಸಾಗಿಸಹೊರಟರೆ ಮೈತುಂಬ ಪಟ್ಟಿ ಹೊದೆಯಬೇಕಾದೀತು. ಫೆಂಟನಿಲ್ ಮಾರ್ಫಿನ್‌ಗಿಂತ ಐವತ್ತರಿಂದ ನೂರು ಪಟ್ಟು ಬಲವುಳ್ಳದ್ದು. ಬೆಲ್ಜಿಯಂನ ಪೌಲ್ ಯಾನ್ಸನ್ 1960ರಲ್ಲಿ ಅದನ್ನು ತಯಾರಿಸಿದಾಗ ಶಸ್ತ್ರಚಿಕಿತ್ಸೆಯ ಅರಿವಳಿಕೆಗೆಂದು ಬಳಕೆಗೆ ಬಂತು. ಅದು ಪಟ್ಟಿಯ ರೂಪ ತಾಳಿದ್ದು 1990ರಲ್ಲಿ.

ಅರ್ಧ ಗಂಟೆಯಾಗಿದೆ. ಅತ್ತೆ ತೋಳನ್ನು ನೋಡಿಕೊಳ್ಳುತ್ತಾರೆ, ಗೋಡೆಯ ಗಡಿಯಾರವನ್ನು ನೋಡುತ್ತಾರೆ. "ಏನೂ ಆಗ್ಲಿಲ್ವಲ್ಲೋ."

ಆಗುವುದಿಲ್ಲ. ಔಷಧಿ ಮೊದಲು ಚರ್ಮದಲ್ಲೇ, ಅದರ ಕೆಳಗಿನ ಕೊಬ್ಬಿನಲ್ಲೇ ಒಂದು ದಾಸ್ತಾನು ಮಾಡಿಕೊಳ್ಳುತ್ತದೆ. ಅಲ್ಲಿಂದ ರಕ್ತಕ್ಕೆ ಇಳಿಯುತ್ತದೆ. ನೋವು ಬಾಗಲು ಹನ್ನೆರಡು ಗಂಟೆ, ಪೂರ್ತಿ ಮಟ್ಟಕ್ಕೆ ಬರಲು ಒಂದು ದಿನ. ಅಲ್ಲಿಯವರೆಗೆ ಹಳೆಯ ಮಾತ್ರೆಯನ್ನು ನಿಲ್ಲಿಸುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಆರು ಗಂಟೆಗೆ ಅಕ್ಕ ಮತ್ತೆ ಚಮಚ ಹಿಡಿಯುತ್ತಾಳೆ. ಈ ಪಟ್ಟಿಯ ವಿಷಯದಲ್ಲಿ ಜನರು ಅಪಾಯಕ್ಕೆ ಸಿಲುಕುವುದು ಇಂಥ ಗಳಿಗೆಯಲ್ಲೇ: ಏನೂ ಆಗಲಿಲ್ಲವೆಂದು ಇನ್ನೊಂದನ್ನು ಅಂಟಿಸಿಬಿಡುತ್ತಾರೆ. ಹೊರಗೆ ಹಚ್ಚುವ ಮದ್ದು ಸೌಮ್ಯ ಎಂಬ ನಮ್ಮ ನಂಬಿಕೆ ಹಳೆಯದು. ಶುಂಠಿಯ ಪಟ್ಟು, ಅರಿಶಿನದ ಲೇಪ, ನೋವಿನ ಮುಲಾಮು, ಹೆಚ್ಚಾದರೆ ಏನಾದೀತು? ಇದು ಆ ಸಾಲಿನದಲ್ಲ. ಮಾರ್ಫಿನ್ ಜಾತಿಯ ಔಷಧಿಗೆ ಮೈ ಆಗಲೇ ಒಗ್ಗಿಕೊಂಡವರಿಗೆ ಮಾತ್ರ. ಪಕ್ಕದ ಮನೆಯವರ ಸೊಂಟನೋವಿಗೆ ಒಂದು ಕೊಟ್ಟರೆ ಅವರು ಬೆಳಿಗ್ಗೆ ಏಳದೆ ಇರಬಹುದು.

ಏಳು ಗಂಟೆಗೆ ಕರೆಂಟು ಹೋಗುತ್ತದೆ. ಚಳಿ ಹಂಚಿನ ಸಂದಿಯಿಂದ ಇಳಿಯುತ್ತಿದೆ. ಅತ್ತೆ ಗೋಡೆ ಹಿಡಿದುಕೊಂಡು ಎದ್ದು, ತಮ್ಮ ಜಾಗಕ್ಕೆ, ಒಲೆಯ ಬಾಯಿಗೆ ಹೋಗುತ್ತಾರೆ. ಬಲತೋಳು ನೇರ ಬೆಂಕಿಯ ಕಡೆಗೆ.

"ಅತ್ತೆ, ಅಲ್ಲಿ ಬೇಡಿ."

"ಮತ್ತೆಲ್ಲಿ ಕೂರ್ಲಿ? ಹೊಸಲ ಮೇಲಾ?"

ಲಕೋಟೆಯ ಜೊತೆ ಬಂದ ಹಾಳೆಯನ್ನು ಟಾರ್ಚಿನ ಬೆಳಕಿನಲ್ಲಿ ಓದುತ್ತೇನೆ. ಬಿಸಿ ತಾಗಿದರೆ ಔಷಧಿ ವೇಗವಾಗಿ ಒಳನುಗ್ಗುತ್ತದೆ, ಎಚ್ಚರ. ಯಾವ ಬಿಸಿ? ಹೀಟಿಂಗ್ ಪ್ಯಾಡ್. ವಿದ್ಯುತ್ ಕಂಬಳಿ. ಸೌನಾ. ಬಿಸಿನೀರಿನ ತೊಟ್ಟಿ. ಬಿಸಿ ಮಾಡಿದ ನೀರುಹಾಸಿಗೆ. ಬಾವ ಒಂದೊಂದಕ್ಕೂ ತಲೆಯಾಡಿಸುತ್ತಾರೆ, ಯಾವುದೂ ಈ ಮನೆಯಲ್ಲಿಲ್ಲ. ಇರುವುದು ಬಚ್ಚಲ ಒಲೆ, ಅಗ್ಗಿಷ್ಟಿಕೆಯ ಕೆಂಡ, ಹಂಡೆಯಿಂದ ಮೊಗೆದು ಹುಯ್ಯುವ ಕುದಿನೀರು, ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕೊಡುವ ಶಾಖ, ಕೊಬ್ಬರಿ ಎಣ್ಣೆ ತಿಕ್ಕಿ ಮಾಡಿಸುವ ಅಭ್ಯಂಜನ. ಅವು ಯಾವುವೂ ಹಾಳೆಯಲ್ಲಿಲ್ಲ. ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ರಕ್ತದಲ್ಲಿ ಫೆಂಟನಿಲ್ ಮೂರನೇ ಒಂದು ಭಾಗದಷ್ಟು ಹೆಚ್ಚಬಹುದೆಂದು ತಯಾರಕರ ಲೆಕ್ಕ. ಅದು ಜ್ವರದ ಮಾತು. ಪಟ್ಟಿಯನ್ನೇ ಬೆಂಕಿಗೊಡ್ಡಿ ಕೂತರೆ?

ಅಕ್ಕ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಬೆನ್ನ ಮೇಲೆ ಬರೆಯುತ್ತಾಳೆ, ನಾನು ಟಾರ್ಚು ಹಿಡಿಯುತ್ತೇನೆ. ಒಲೆಯಿಂದ ಒಂದು ಮಾರು ದೂರ. ಪಟ್ಟಿ ಇರುವ ತೋಳು ಗೋಡೆ ಕಡೆಗೆ. ನೀರು ಉಗುರುಬೆಚ್ಚಗೆ ಮಾತ್ರ. ಉಪ್ಪಿನ ಶಾಖ ಬೇಡವೇ ಬೇಡ. ತೋಳಿಗೆ ಎಣ್ಣೆ ಬೇಡ. ಜ್ವರ ಬಂದರೆ ಡಾಕ್ಟರಿಗೆ ಫೋನು. ಫೋನಿಗೆ ಸಿಗ್ನಲ್ ಸಿಗುವುದು ತೋಟದ ಮೇಲಿನ ದಿಣ್ಣೆಯಲ್ಲಿ, ಹಾಗಾಗಿ ಅದರ ಕೆಳಗೆ 'ಬ್ಯಾಟರಿ ಚಾರ್ಜಿರಲಿ' ಎಂದೂ ಸೇರುತ್ತದೆ. ಆಸ್ಪತ್ರೆಯವರು ಕೊಟ್ಟದ್ದಕ್ಕಿಂತ ಇದು ಒಳ್ಳೆಯ ಕರಪತ್ರ ಎಂದು ನನಗನ್ನಿಸುತ್ತದೆ. ಬಾವ ಕೈಗಳನ್ನು ಚಾಚಿ ಒಂದು ಮಾರು ಅಳೆದು, ಸಿಮೆಂಟು ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಅದರಾಚೆ ಮಣೆ ಹಾಕುತ್ತಾರೆ. ಅತ್ತೆ ಗೆರೆಯನ್ನು ನೋಡಿ, "ಸೀತೆಗೆ ಹಾಕ್ದಂಗೆ ಹಾಕ್ದ" ಎಂದು ಗೊಣಗಿ ಕೂರುತ್ತಾರೆ. ಇನ್ನೊಂದು ಕಂಬಳಿ ಹೊದೆಸುತ್ತೇವೆ, ಬಲತೋಳನ್ನು ಬಿಟ್ಟು.

ರಾತ್ರಿ ಅತ್ತೆಯ ಪಕ್ಕದಲ್ಲಿ ಬಾವ, ಜಗುಲಿಯ ಕಡೆ ನಾನು. ಈ ಲಕೋಟೆಗಾಗಿ ಇಷ್ಟು ದೂರ ಏಕೆ ಹೋಗಬೇಕು ಎಂಬುದಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲಿದೆ. 1985ರ ಮಾದಕವಸ್ತು ಕಾಯಿದೆ ಕಳ್ಳಸಾಗಣೆಗೆಂದು ಬೀಸಿದ ಬಲೆಯಲ್ಲಿ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಮಾರ್ಫಿನ್ ಇಟ್ಟುಕೊಳ್ಳಲು ಹಲವು ಇಲಾಖೆಗಳ ಪರವಾನಗಿ ಬೇಕಾದ್ದರಿಂದ, ಇಟ್ಟುಕೊಳ್ಳದಿರುವುದೇ ಕ್ಷೇಮವೆಂದು ಹಲವರು ಕೈಬಿಟ್ಟರು. ಗಸಗಸೆ ಗಿಡ ಬೆಳೆದು ಜಗತ್ತಿಗೆ ಅಫೀಮು ಕೊಡುವ ದೇಶದಲ್ಲಿ ಕ್ಯಾನ್ಸರ್ ರೋಗಿಗಳು ಪ್ಯಾರಾಸಿಟಮಾಲ್ ನುಂಗಿಕೊಂಡು ಮಲಗಿದರು. 2014ರ ತಿದ್ದುಪಡಿ ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಿಗಳನ್ನು ಅಗತ್ಯ ಮಾದಕ ಔಷಧಿಗಳೆಂದು ಬೇರೆ ಮಾಡಿ, ಮಾನ್ಯತೆ ಪಡೆದ ವೈದ್ಯಸಂಸ್ಥೆಗಳು ಒಂದೇ ವ್ಯವಸ್ಥೆಯಡಿ ಕೊಡಬಹುದೆಂದಿತು. ಆದರೆ ಮಾನ್ಯತೆ ಪಡೆದವು ಹೆಚ್ಚಾಗಿ ದೊಡ್ಡ ಊರುಗಳಲ್ಲಿವೆ. ಗಾಳಿಯಲ್ಲಿ ಬಾಗಿದ ಮರ, ಕುಸಿದ ಧರೆ, ನಿಂತ ಬಸ್ಸು ಇವೆಲ್ಲ ಮಧ್ಯೆ ಇರುವ ಊರಿಗೆ ನಾಲ್ಕು ಗಂಟೆಗೊಮ್ಮೆ ಬೇಕಾದ ಮಾತ್ರೆಗಿಂತ ಮೂರು ದಿನಕ್ಕೊಂದು ಪಟ್ಟಿ ಹೆಚ್ಚು ಹೊಂದುತ್ತದೆ. ಬೆಲೆ ಮಾತ್ರ ಹೊಂದುವುದಿಲ್ಲ. ಮಾರ್ಫಿನ್ ಮಾತ್ರೆ ಅಗ್ಗ, ನುಂಗಲು ಬರುವವರಿಗೆ ಈಗಲೂ ಮೊದಲ ಮದ್ದು ಅದೇ. ಪಟ್ಟಿ ಬಂತೆಂದು ಮಾತ್ರೆಯನ್ನು ಬೈಯುವುದು ಸರಿಯಲ್ಲ.

ಎರಡು ಗಂಟೆಗೆ ಒಳಗಿನಿಂದ ಚಮಚದ ಸದ್ದು. ನಾನೂ ಎದ್ದು ಹೋಗುತ್ತೇನೆ. ಬಾವ ಒಂದು ಕೈಯಲ್ಲಿ ಫೋನಿನ ಗಡಿಯಾರ ಹಿಡಿದು ಕಂಬಳಿ ಏರಿಳಿಯುವುದನ್ನು ನೋಡುತ್ತಿದ್ದಾರೆ. ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕೆಳಗಿಳಿದರೆ, ಕರೆದರೂ ಏಳದಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ಪಟ್ಟಿಯನ್ನು ಕಿತ್ತು ಓಡಬೇಕು. ಕಿತ್ತ ಮೇಲೂ ನಿಶ್ಚಿಂತೆಯಿಲ್ಲ. ಚರ್ಮದಲ್ಲಿ ಕೂಡಿಟ್ಟ ದಾಸ್ತಾನು ಇಳಿಯುತ್ತಲೇ ಇರುತ್ತದೆ, ರಕ್ತದ ಮಟ್ಟ ಅರ್ಧಕ್ಕೆ ಬರಲು ಹದಿನೇಳು ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು.

"ಹದಿನಾಲ್ಕು," ಎನ್ನುತ್ತಾರೆ ಬಾವ. "ಮಲ್ಕೋ ಹೋಗು."

ಬೆಳಿಗ್ಗೆ ಮಳೆ ಸ್ವಲ್ಪ ಹಿಂದೆಗೆದಿದೆ. ಅತ್ತೆ ಎದ್ದಿಲ್ಲ. ಅಕ್ಕ ಭಯದಿಂದ ಭುಜ ಮುಟ್ಟುತ್ತಾಳೆ. "ಏನೇ? ಮಲ್ಗಕ್ಕೂ ಬಿಡಲ್ವಾ?" ಎಂಬ ಬೈಗುಳ ಕೇಳಿ ಮನೆಯವರೆಲ್ಲ ಒಟ್ಟಿಗೆ ನಗುತ್ತೇವೆ. ಹತ್ತರಲ್ಲಿ ಎಷ್ಟು ನೋವು ಎಂದು ಕೇಳಬೇಕೆಂದಿದ್ದಾರೆ ಡಾಕ್ಟರು. ಅತ್ತೆಗೆ ಹತ್ತರ ಲೆಕ್ಕ ಒಗ್ಗುವುದಿಲ್ಲ. "ನಿನ್ನೆ ಎಂಟಾಣೆ, ಇವತ್ತು ನಾಲ್ಕಾಣೆ," ಎನ್ನುತ್ತಾರೆ. ಅಕ್ಕ ಅದನ್ನೇ ಬರೆದುಕೊಳ್ಳುತ್ತಾಳೆ. ಮಲಬದ್ಧತೆಯ ಔಷಧಿಯನ್ನೂ ಕೊಡುತ್ತಾಳೆ. ಮಾರ್ಫಿನ್‌ಗಿಂತ ಕಡಿಮೆಯಾದರೂ ಇದರಲ್ಲೂ ಆ ಕಾಟ ತಪ್ಪದು.

ನೋವು ನಾಲ್ಕಾಣೆಗೆ ಇಳಿದ ಮನುಷ್ಯರಿಗೆ ಬೇರೆ ಆಸೆಗಳು ನೆನಪಾಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಎಲೆಯಡಿಕೆ ತಟ್ಟೆ ಎಲ್ಲಿಟ್ಟಿರಿ ಎಂದು ಕೇಳತೊಡಗಿದ್ದಾರೆ. ಎಡಗೆನ್ನೆಯ ಹುಣ್ಣು ಇರುವುದು ಸರಿಯಾಗಿ ಅದೇ ಜಾಗದಲ್ಲಿ, ಹದಿನಾರನೇ ವಯಸ್ಸಿನಿಂದ ರಾತ್ರಿಯಿಡೀ ಹೊಗೆಸೊಪ್ಪಿನ ಉಂಡೆ ಕೂತಿದ್ದಲ್ಲಿ. ಯೋಚಿಸಿ ನೋಡಿದರೆ ಅತ್ತೆಯ ಮೊದಲ ಪಟ್ಟಿ ಅದೇ. ನುಂಗುವಂತಿಲ್ಲ, ಕೆನ್ನೆಗೆ ಒತ್ತಿ ಇಟ್ಟುಕೊಂಡರೆ ಸಾಕು, ನಿಕೋಟಿನ್ ಒಳಗಿನ ತೆಳು ಪದರು ದಾಟಿ ನೇರ ರಕ್ತಕ್ಕೆ. ಜೊತೆಗೆ ಸುಣ್ಣ ಏಕೆ ಎಂದರೆ, ಅದರ ಕ್ಷಾರದಲ್ಲಿ ನಿಕೋಟಿನ್ ಪದರು ದಾಟಬಲ್ಲ ರೂಪಕ್ಕೆ ಬರುತ್ತದೆ. ಔಷಧಿ ಕಂಪನಿಯ ರಸಾಯನಜ್ಞ ತಲೆ ಕೆಡಿಸಿಕೊಂಡು ಮಾಡುವ ಕೆಲಸವನ್ನು ಸುಣ್ಣದ ಡಬ್ಬಿ ಮಾಡುತ್ತಿತ್ತು. ಇದೇ ಜಿಲ್ಲೆಯ ಅರಕಲಗೂಡು, ರಾಮನಾಥಪುರದ ಕಡೆ ತಂಬಾಕು ಬೆಳೆಯುತ್ತಾರೆ. ಅತ್ತೆ ಜಗಿದದ್ದು ಅದಲ್ಲ, ಅದು ಸಿಗರೇಟಿಗೆ ಹೋಗುವುದು. ಆದರೆ ಮಳೆಯಲ್ಲೋ ಇಬ್ಬನಿಯಲ್ಲೋ ನೆನೆದ ಹಸಿ ತಂಬಾಕಿನೆಲೆ ಕೀಳುವವರಿಗೆ ಸೇದದೆ, ಜಗಿಯದೆ ತಲೆ ಸುತ್ತಿ ವಾಂತಿಯಾಗುವುದುಂಟು. ಎಲೆಯ ನೀರಿನಲ್ಲಿ ಕರಗಿದ ನಿಕೋಟಿನ್ ಅಂಗೈಯಿಂದ, ತೋಳಿನಿಂದ ಒಳಗಿಳಿಯುತ್ತದೆ. ಅದೇ ನಿಕೋಟಿನ್ನನ್ನು ಅಳತೆ ಮಾಡಿ ಪಟ್ಟಿಯೊಳಗಿಟ್ಟು, ಬೀಡಿ ಸಿಗರೇಟು ಬಿಡಿಸಲು ಅಂಟಿಸುತ್ತಾರೆ.

ಶುಕ್ರವಾರ ಸಂಜೆ ಐದು. ಎಡತೋಳು ಒರೆಸಿ ಒಣಗಿಸಿ ಹೊಸದನ್ನು ಹಾಕಿಯಾಗಿದೆ. ಹಳೆಯದನ್ನು ಕಿತ್ತ ಜಾಗದಲ್ಲಿ ಚರ್ಮ ಸ್ವಲ್ಪ ಕೆಂಪಗಿದೆ. ಎರಡು ವರ್ಷದ ಮೊಮ್ಮಗಳು ಅಜ್ಜಿಯ ತೋಳಿನಿಂದ ಬಂದ ಸ್ಟಿಕ್ಕರಿಗೆ ಕೈ ಚಾಚುತ್ತಾಳೆ. ಅಜ್ಜಿಯ ಬಿಂದಿಗಳನ್ನೆಲ್ಲ ಕಿತ್ತು ತನ್ನ ಹೊಟ್ಟೆಗೆ ಅಂಟಿಸಿಕೊಂಡು ಅಭ್ಯಾಸ. ಬಾವ ಎಂದೂ ಗದರಿಸದವರು ಗದರಿಸುತ್ತಾರೆ, ಮಗು ಅಳುತ್ತದೆ. ಗದರಿಸಲೇಬೇಕಿತ್ತು. ಮೂರು ದಿನ ಮುಗಿದ ಪಟ್ಟಿಯಲ್ಲೂ ಔಷಧಿಯ ಗಣನೀಯ ಭಾಗ ಉಳಿದಿರುತ್ತದೆ. 2012ರಲ್ಲಿ ಅಮೆರಿಕದ ಔಷಧಿ ಇಲಾಖೆ ಹದಿನೈದು ವರ್ಷಗಳ ದಾಖಲೆ ತೆರೆದಾಗ ಮಕ್ಕಳಿಗೆ ಹೀಗೆ ತಾಗಿದ 26 ಪ್ರಕರಣಗಳಿದ್ದವು, ಅವುಗಳಲ್ಲಿ ಹತ್ತು ಮಕ್ಕಳು ಸತ್ತಿದ್ದರು. ಆ ಪ್ರಕರಣಗಳಲ್ಲಿ ಹೆಚ್ಚಿನ ಮಕ್ಕಳು ಎರಡು ವರ್ಷದವರು ಅಥವಾ ಅದಕ್ಕಿಂತ ಚಿಕ್ಕವರು.

ಬಾವ ಅಂಟಿನ ಭಾಗ ಒಳಗಾಗುವಂತೆ ಪಟ್ಟಿಯನ್ನು ಮಡಚಿ, ಅದರ ಪೊಟ್ಟಣಕ್ಕೇ ತುರುಕಿ, ತಾರೀಕು ಬರೆಯುತ್ತಾರೆ. ಖಾಲಿಯಾದವನ್ನೂ ಎಣಿಸಿ ವಾಪಸು ತರಲು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಅಕ್ಕ ಸೊಂಟದ ಬೀಗದಕೈ ಬಿಚ್ಚಿ ಟ್ರಂಕು ತೆರೆಯುತ್ತಾಳೆ. ಅತ್ತೆಯ ಕಣ್ಣು ಟ್ರಂಕಿನ ಒಳಗೇ. ಪೊಟ್ಟಣಗಳ ಪಕ್ಕದಲ್ಲಿ ಹಿತ್ತಾಳೆಯ ಎಲೆಯಡಿಕೆ ತಟ್ಟೆ ಕಂಡುಬಿಟ್ಟಿದೆ.

"ಅಲ್ಲಿ ಇಟ್ಟಿದ್ಯೇನೇ ಕಳ್ಳಿ!"

"ಎರಡೂ ಒಂದೇ ಜಾತಿ ಅತ್ತೆ, ಒಂದೇ ಕಡೆ ಇರ್ಲಿ."

"ಹೊಗೆಸೊಪ್ಪು ಕೇಳ್ದ್ನಾ? ಒಂದು ಚೂರು ಎಲೆ, ಒಂಚೂರು ಸುಣ್ಣ."

"ಹುಣ್ಣಿಗೆ ಸುಣ್ಣವಾ!"

ಅಕ್ಕ ಟ್ರಂಕು ಮುಚ್ಚುತ್ತಾಳೆ. ಅತ್ತೆ ಮಣೆಯನ್ನು ಸದ್ದು ಮಾಡಿಕೊಂಡು ಎಳೆದು, ಇದ್ದಿಲಿನ ಗೆರೆ ದಾಟಿ ಒಂದು ಗೇಣು ಒಲೆಯ ಕಡೆಗೆ ಹಾಕಿಕೊಂಡು, ಯಾರು ಏನು ಹೇಳುತ್ತಾರೋ ನೋಡೋಣವೆಂದು ನಮ್ಮನ್ನೇ ದಿಟ್ಟಿಸುತ್ತಾರೆ. ಬಾವ ಎದ್ದು ಹೋಗಿ ಮಣೆಯ ಸಮೇತ ಅವರನ್ನು ಹಿಂದಕ್ಕೆ ಎಳೆಯುತ್ತಾರೆ.